ಒಂದನೆಯ ಪೆಟ್ಟು

ನ್ಯೂಆರ್ಕ್ ಲೈಬ್ರರಿಯ ಸಭಾಂಗಣದಲ್ಲಿ ಮುಂದಿನ ಸಾಲುಗಳೆಲ್ಲ ಖಾಲಿಯಿದ್ದರೂ ತ್ರಿಪುರಸುಂದರಿ ಕಟ್ಟಕಡೆಯ ಸಾಲಿಗೆ ಹೋಗಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಎಪ್ಪತ್ತೇಳರ ಹೆಂಗಸು. ಮೂವತ್ತೈದು ವರ್ಷ ನರ್ಸಾಗಿ ದೊಡ್ಡ ದೊಡ್ಡ ಡಾಕ್ಟರುಗಳನ್ನೇ ಗದರಿಸಿದವರು ಇವತ್ತು ಮೂಲೆ ಹುಡುಕುತ್ತಿದ್ದರು.

"ಅಜ್ಜಿ, ವೈ ಸೋ ಫಾರ್ ಬ್ಯಾಕ್?" ಎಂದಳು ಎಡಿಸನ್ನಿನಿಂದ ಕಾರಿನಲ್ಲಿ ಕರೆತಂದಿದ್ದ ಮೊಮ್ಮಗಳು ಶ್ರಿಯಾ.

"ಹಾಡು ಕೇಳ್ಕೊಂಡು ಎದ್ದು ಹೋಗೋಣ ಕಣೇ. ಅವಳ ಮುಖ ನೋಡೋಕೆ ನಂಗೆ ಧೈರ್ಯ ಇಲ್ಲ."

ಅವಳು ಎಂದರೆ ವರ್ನೆಲ್. 'ಬರ್ಗೆನೆಟ್ಸ್' ಎಂಬ ಮೂವರು ಹೆಂಗಸರ ಗುಂಪಿನ ಮುಖ್ಯ ಗಾಯಕಿ. ಹೆಸರು ಕೇಳಿಲ್ಲವೇ? ತಪ್ಪು ನಿಮ್ಮದಲ್ಲ, ಯಾರೂ ಕೇಳಿಲ್ಲ. ಒಂದೇ ಒಂದು ರೆಕಾರ್ಡು ಬಂತು, ರೇಡಿಯೋದವರು ಅದನ್ನು ಮೂಸಿಯೂ ನೋಡಲಿಲ್ಲ. ಅರ್ಧಂಬರ್ಧ ಹಾಡುವವರೆಲ್ಲ ಮೆರೆದ ಕಾಲದಲ್ಲಿ ಈ ಮೂವರು ಹಗಲು ಬಟ್ಟೆ ಹೊಲಿದು ಸಂಜೆ ಹಾಡಿದರು.

ಹಾಡಿದ್ದು ಎಲ್ಲಿ ಗೊತ್ತೇ? ಬಾಡಿಗೆ ಕಟ್ಟಡದ ನೆಲಮಾಳಿಗೆಯಲ್ಲಿ, ವಾಷಿಂಗ್ ಮೆಷಿನ್ನುಗಳ ನಡುವೆ. ಅಲ್ಲಿ ದನಿ ಚೆನ್ನಾಗಿ ಮೊಳಗುತ್ತಿತ್ತು. ನಂಜನಗೂಡಿನಿಂದ ಬಂದು ಆರು ತಿಂಗಳಾಗಿದ್ದ ತ್ರಿಪುರಸುಂದರಿ ಬಟ್ಟೆ ಒಗೆಯಲು ಇಳಿದವರು, ಒಗೆದಾದ ಮೇಲೂ ಅಲ್ಲೇ ನಿಂತರು. ಈ ಹೊಸ ಊರಿನಲ್ಲಿ ಅವರನ್ನು ಮೊದಲು ಕೂರಿಸಿ ಮಾತಾಡಿಸಿದವರು ಆ ಮೂವರೇ. ಸೋಪಿನ ಡಬ್ಬದ ಮೇಲೆ ಕೂತು ಕೇಳಿದ ಆ ಸಂಜೆಗಳಷ್ಟು ಸುಖವನ್ನು ಅವರು ಮತ್ತೆ ಎಲ್ಲೂ ಕಾಣಲಿಲ್ಲ.

ನೀನೂ ಚಪ್ಪಾಳೆ ಹಾಕು ಎಂದರು ಆ ಮೂವರು. ಅಲ್ಲೇ ಎಡವಟ್ಟಾಗಿದ್ದು. ಅವರ ಹಾಡಿನ ನಾಲ್ಕು ಎಣಿಕೆಯಲ್ಲಿ ಚಪ್ಪಾಳೆ ಬೀಳಬೇಕಾದದ್ದು ಎರಡಕ್ಕೆ ಮತ್ತು ನಾಲ್ಕಕ್ಕೆ. ಸಂಗೀತದ ಮೇಷ್ಟರಿಂದ ಗೆಣ್ಣಿಗೆ ಏಟು ತಿಂದು ಆದಿತಾಳ ಕಲಿತಿದ್ದ ಇವರ ಕೈ ಒಂದಕ್ಕೇ ಬೀಳುತ್ತಿತ್ತು. ವರ್ನೆಲ್ ಮಣಿಕಟ್ಟು ಹಿಡಿದು, "ತಾಳು, ತಾಳು... ಈಗ!" ಎಂದು ಎಷ್ಟು ಹೇಳಿಕೊಟ್ಟರೂ ಬಿಟ್ಟ ತಕ್ಷಣ ಮತ್ತೆ ಒಂದು. ಹುಟ್ಟುಗುಣ ಸುಟ್ಟರೂ ಹೋಗುವುದುಂಟೇ! ರೆಕಾರ್ಡಿಂಗ್ ದಿನ ಮೂವರ ಕೋಟುಗಳನ್ನೂ ಇವರ ಕೈಗೆ ಹೇರಿ ನಿಲ್ಲಿಸಿದ್ದರು, ಅಪ್ಪಿತಪ್ಪಿಯೂ ಚಪ್ಪಾಳೆ ಬೀಳದಿರಲೆಂದು.

ಆದರೂ ಮೊದಲ ದೊಡ್ಡ ಕಾರ್ಯಕ್ರಮಕ್ಕೆ, "ನೀನೂ ಸೀರೆಯುಟ್ಟು ನಮ್ಮ ಜೊತೆ ವೇದಿಕೆಗೆ ಬಾ, ತಪ್ಪಿದರೆ ತಪ್ಪಲಿ" ಎಂದಿದ್ದಳು ವರ್ನೆಲ್. ಇವರು ಹೂಂ ಅಂದಿದ್ದರು. ಎರಡು ದಿನ ಮೊದಲು ಊಟಕ್ಕೆ ಬಂದ ಕನ್ನಡದ ಹೆಂಗಸೊಬ್ಬರು, "ಅಯ್ಯೋ, ಕಪ್ಪು ಜನರ ಜೊತೆ ಸ್ಟೇಜ್ ಹತ್ತುತ್ತೀಯಾ? ನಾಲ್ಕು ಜನ ಏನಂದಾರು?" ಎಂದರು. ಗಂಡ ನಂಜುಂಡಸ್ವಾಮಿ ಬೇಡ ಅನ್ನಲಿಲ್ಲ. ಹೆದರಿದ್ದು ಇವರೇ. ಶನಿವಾರ, ಕಾರ್ಯಕ್ರಮದ ದಿನ, ವರ್ನೆಲ್ ಬಾಗಿಲು ತಟ್ಟಿದಾಗ ಕದ ತೆರೆಯದೆ, ಒಳಗಿನಿಂದಲೇ, "ಬಟ್ಟೆ ಡ್ರೈಯರಿನಲ್ಲಿದೆ. ಒಣಗಿದ ಕೂಡಲೇ ಬರ್ತೀನಿ, ನೀವು ನಡೀರಿ" ಎಂದುಬಿಟ್ಟರು. ಹೋಗಲಿಲ್ಲ. ತಿಂಗಳೊಳಗೆ ಎಡಿಸನ್ನಿಗೆ ಮನೆ ಬದಲಾಯಿಸಿದರು. ಆ ಸುಳ್ಳು ಐವತ್ತೆರಡು ವರ್ಷ ಹೊಟ್ಟೆಯೊಳಗೆ ಹಾಗೇ ಕೂತಿತ್ತು.

ವೇದಿಕೆಗೆ ವರ್ನೆಲ್ ವಾಕರ್ ಹಿಡಿದು ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಉಳಿದಿಬ್ಬರು ಈಗ ಇಲ್ಲ, ಅವರ ಜಾಗದಲ್ಲಿ ಇಬ್ಬರು ಸೋದರ ಸೊಸೆಯರು. ಕುರ್ಚಿಯಲ್ಲಿ ಕೂತು ಅವಳು ದನಿ ತೆಗೆದಳು. ದನಿ ಸವೆದಿತ್ತು, ಆದರೆ ಅದೇ ದನಿ. ತ್ರಿಪುರಸುಂದರಿಯವರ ಮೂಗಿಗೆ ಸೋಪಿನ ಪುಡಿಯ ವಾಸನೆ ಬಂದಂತಾಯಿತು, ಕಣ್ಣು ತುಂಬಿತು. ನಲವತ್ತೈವತ್ತು ಜನ ಎರಡಕ್ಕೆ, ನಾಲ್ಕಕ್ಕೆ ಚಪ್ಪಾಳೆ ಹಾಕತೊಡಗಿದರು.

ಇವರ ಕೈ ಯಾವಾಗ ಎದ್ದಿತೋ ಇವರಿಗೇ ತಿಳಿಯದು. ಟಪ್. ಒಂದಕ್ಕೆ. ಮತ್ತೆ ಟಪ್. ಒಂದಕ್ಕೆ.

ಮುಂದಿನ ಸಾಲಿನವನೊಬ್ಬ ತಿರುಗಿ ನೋಡಿದ. ಶ್ರಿಯಾ, "ಅಜ್ಜಿ, ಯು ಆರ್ ಆಫ್!" ಎಂದು ತೋಳು ಹಿಡಿದಳು. ಅಷ್ಟರಲ್ಲಿ ವೇದಿಕೆಯ ಮೇಲೆ ವರ್ನೆಲ್ ಕೈಯೆತ್ತಿ ಹಾಡು ನಿಲ್ಲಿಸಿದಳು.

"ಯಾರದು, ಒಂದಕ್ಕೆ ಹಾಕಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತ್ರಿಪುರಸುಂದರಿ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. ಬಾಗಿಲು ಪಕ್ಕದಲ್ಲೇ ಇತ್ತು. ಎದ್ದು ಹೊರಟರೆ ಯಾರೂ ಹಿಡಿಯುವವರಿರಲಿಲ್ಲ. ಆದರೆ ಒಮ್ಮೆ ಬಾಗಿಲ ಹಿಂದೆ ಅವಿತಿದ್ದು ಸಾಕಾಗಿತ್ತು. ಎದ್ದು ನಿಂತರು.

ವರ್ನೆಲ್ ಕಣ್ಣು ಕಿರಿದು ಮಾಡಿ ನೋಡಿದಳು.

"ಬಟ್ಟೆ ಒಣಗಿತಾ?"

ಜನಕ್ಕೆ ಏನೂ ಅರ್ಥವಾಗಲಿಲ್ಲ. ತ್ರಿಪುರಸುಂದರಿ ಮೊಮ್ಮಗಳ ಭುಜ ಹಿಡಿದು ವೇದಿಕೆಯವರೆಗೆ ನಡೆದರು. "ಸುಳ್ಳು ಹೇಳಿದ್ದೆ ವರ್ನೆಲ್. ಹೆದರಿದ್ದೆ" ಎಂದರು ಇಂಗ್ಲಿಷಿನಲ್ಲಿ, ಎಲ್ಲರ ಮುಂದೆ.

"ಗೊತ್ತಿತ್ತು. ಆವತ್ತು ನಾನು ಕೆಳಗೆ ಹೋಗಿ ಡ್ರೈಯರ್ ತೆರೆದು ನೋಡಿದ್ದೆ, ಖಾಲಿಯಿತ್ತು" ಎಂದಳು ವರ್ನೆಲ್. ಅವಳ ದನಿಯಲ್ಲಿ ಹಳೆಯ ನೋವು ಇನ್ನೂ ಇತ್ತು. ಮತ್ತೆ ಪಕ್ಕದ ಕುರ್ಚಿ ತೋರಿಸಿ, "ನಿನ್ನ ಮೇಲೆ ಸಿಟ್ಟಿದೆ. ಹಾಡು ಮುಗಿದ ಮೇಲೆ ಬಯ್ಯುತ್ತೇನೆ. ಈಗ ಕೂತ್ಕೋ" ಎಂದಳು.

ಹಾಡು ಮತ್ತೆ ಶುರುವಾಯಿತು. ವರ್ನೆಲ್ ಅವರ ಮಣಿಕಟ್ಟು ಹಿಡಿದು, "ತಾಳು, ತಾಳು..." ಎಂದಳು.