ಹಗೇವಿನ ಮುಚ್ಚುಗಲ್ಲು

ಗುರುಸಿದ್ದವ್ವ ತೀರಿಕೊಂಡ ಸುದ್ದಿ ಬಂದದ್ದು ಶ್ರಾವಣದ ಎರಡನೆಯ ಸೋಮವಾರ, ಬೆಳಗಿನ ಪೂಜೆಯ ಹೊತ್ತಿಗೆ. ಆಸ್ಪತ್ರೆಯಿಂದ ಮಗ ವಿರೂಪಾಕ್ಷಪ್ಪ ಫೋನು ಮಾಡಿದ್ದ. ಪಡಸಾಲೆಯಲ್ಲಿ ಓಡಾಡುತ್ತಿದ್ದ ಸೊಸೆ ಕಸ್ತೂರೆವ್ವನ ಪಾದಗಳು ನನ್ನ ಮೇಲೆಯೇ ನಿಂತುಬಿಟ್ಟವು. ಆಮೇಲೆ ಅವಳು ಅಲ್ಲೇ ಕುಸಿದು ಕುಳಿತಳು. ಕಲ್ಲಿಗೆ ಅಳಲು ಬರುವುದಿಲ್ಲ. ಆದರೆ ದುಃಖದ ಜೊತೆಗೇ ಒಂದು ಭಯ ನನ್ನನ್ನು ಹಿಡಿಯಿತು. ನನ್ನ ಕೆಳಗೆ ಏನಿದೆ ಎಂದು ಬಲ್ಲ ಕಡೆಯ ಜೀವ ಹೋಗಿತ್ತು.

ನಾನು ಒಂದು ಹಗೇವಿನ ಮುಚ್ಚುಗಲ್ಲು. ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಕಣಜ. ಅದರ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ನಾನು ಹುಟ್ಟಿದ್ದು ಗಜೇಂದ್ರಗಡದ ಗುಡ್ಡದಲ್ಲಿ. ಒಬ್ಬ ಕಲ್ಲುಕುಟಿಗ ಎರಡು ದಿನ ಕುಳಿತು ಉಳಿಯಿಂದ ನನ್ನ ನಾಲ್ಕು ಅಂಚು ತೀಡಿದ. ವಿರೂಪಾಕ್ಷಪ್ಪನ ಅಜ್ಜ ನನ್ನನ್ನು ಎತ್ತಿನ ಬಂಡಿಯಲ್ಲಿ ತಂದ. ಪಡಸಾಲೆಯ ನಡುವೆ ಎರಡಾಳು ಆಳದ ಹಗೇವು ತೋಡಿಸಿ, ಒಳಗೆ ಒಣದಂಟಿನ ಕಣಿಕೆ ಹಾಸಿ, ಜೋಳ ತುಂಬಿ, ಬಾಯಿಗೆ ನನ್ನನ್ನು ಕೂಡಿಸಿ ಸುತ್ತ ಮಣ್ಣು ಮೆತ್ತಿಸಿದ. ಅಂದಿನಿಂದ ನಾನು ಮನುಷ್ಯರನ್ನು ಅಂಗಾಲಿನಿಂದ ಗುರುತಿಸುವುದನ್ನು ಕಲಿತೆ.

ಜೋಳ ಬೇಕಾದಾಗ ನನ್ನನ್ನು ಎತ್ತುತ್ತಿದ್ದರು. ಎತ್ತಿದ ದಿನ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮುಚ್ಚಿದ ಹಗೇವಿನ ಗಾಳಿ ಕೆಟ್ಟದ್ದು. ಮಾರನೆಯ ದಿನ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು.

ವಿರೂಪಾಕ್ಷಪ್ಪ ತೊಟ್ಟಿಲಲ್ಲಿದ್ದ ವರ್ಷ. ಕೂಸನ್ನು ನೋಡಲು ಗುರುಸಿದ್ದವ್ವನ ತವರಿನವರು ಹೇಳದೆ ಕೇಳದೆ ಬಂದರು. ಮನೆಯ ಮಡಕೆಯಲ್ಲಿ ಜೋಳ ತೀರಿತ್ತು. ನನ್ನನ್ನು ಅವಸರದಲ್ಲಿ ಸರಿಸಿದರು. ಮೈದುನ ಸಂಗಪ್ಪನಿಗೆ ಆಗ ಹತ್ತೊಂಬತ್ತು.

"ದೀಪಾ ಅಂತ ನಾಳೀತನಕ ಕುಂತ್ರ ನಮ್ಮಪ್ಪ ಉಪಾಸ ಹೊಕ್ಕಾನ. ಒಂದ ಬುಟ್ಟಿ ತುಂಬಿ ಕೊಡು, ಸಾಕು," ಎಂದಳು ಗುರುಸಿದ್ದವ್ವ, ಯಾರಿಗೂ ಕೇಳದ ಹಾಗೆ.

"ಮೊದಲ ರೊಟ್ಟಿ ನನಗ, ನಿಮ್ಮಪ್ಪಗ ಆಮ್ಯಾಲೆ. ಒಪ್ಪಿದ್ರ ಇಳೀತೀನಿ ನೋಡು ಅತ್ತಿಗಿ."

ಅವನು ನಗುತ್ತಲೇ ಇಳಿದ. ಮೇಲೆ ಬಂದದ್ದು ಅವನ ದೇಹ.

ಮನೆಯ ಪಡಸಾಲೆಯಲ್ಲೇ ಸಾವಾಯಿತು ಎಂದರೆ ಈ ಮನೆಗೆ ಹೆಣ್ಣು ಕೊಡಲು ಜನ ಹಿಂದೆಗೆಯುತ್ತಾರೆ ಎಂದು ಹಿರಿಯರು ಅಂಜಿದರು. ಊರ ಹೊರಗಿನ ಹಗೇವಿನಲ್ಲಿ ತೀರಿಕೊಂಡ ಎಂದು ಹೇಳಿದರು. ಅವನು ಕಟ್ಟಕಡೆಗೆ ಯಾರ ಮಾತಿಗೆ ಇಳಿದ ಎಂಬುದು ಅವರಿಗೂ ಗೊತ್ತಿರಲಿಲ್ಲ. ಅದನ್ನು ಕೇಳಿದವನು ನಾನೊಬ್ಬನೇ. ಹಗೇವಿನ ಕೊರಳಿಗಷ್ಟೇ ಕಣಿಕೆ ತುರುಕಿ, ಮಣ್ಣು ಜಡಿದು, ಮೇಲೆ ನನ್ನನ್ನು ಹಾಕಿ ನೆಲ ಸಾರಿಸಿದರು. ಕೆಳಗೆ ತಳದ ಒಂದಿಷ್ಟು ಜೋಳದೊಡನೆ ಎರಡಾಳು ಆಳದ ಪೊಳ್ಳು ಹಾಗೇ ಉಳಿಯಿತು. ಮುಂದೆ ನೆಲಕ್ಕೆ, ನನ್ನ ಮೇಲೂ, ಫರ್ಶಿ ಕಲ್ಲಿನ ಹಾಸು ಬಂತು. ತಿಳಿದವರು ಒಬ್ಬೊಬ್ಬರಾಗಿ ಹೋದರು. ಗುರುಸಿದ್ದವ್ವ ಉಳಿದಳು. "ಈ ಜಾಗಾದಾಗ ರುಬ್ಬೂ ಒಳ್ಳು ಇಡಬ್ಯಾಡ್ರಿ, ಚೀಲಾ ಇಡಬ್ಯಾಡ್ರಿ," ಎನ್ನುತ್ತಿದ್ದಳು. ಯಾಕೆ ಎಂದು ಹೇಳುತ್ತಿರಲಿಲ್ಲ. ಮುದುಕಿಯ ಮಡಿ ಎಂದು ಮನೆಯವರು ಸುಮ್ಮನಿದ್ದರು.

ಮನೆ ಬೆಳೆಯಿತು. ಹಿರಿಯ ಮೊಮ್ಮಗನ ಹೆಂಡತಿ ಅವಳಿ ಹೆತ್ತಳು. ಕಿರಿಯವನಿಗೆ ಮದುವೆ ಗೊತ್ತಾಯಿತು. ಎರಡು ಕೋಣೆಗಳಲ್ಲಿ ಕಾಲಿಡಲು ಜಾಗವಿಲ್ಲ. ಮಣ್ಣಿನ ಮಾಳಿಗೆ ಇಳಿಸಿ, ಸ್ಲ್ಯಾಬ್ ಹಾಕಿಸಿ, ಮೇಲೆ ಎರಡು ಕೋಣೆ ಕಟ್ಟುವುದು ವಿರೂಪಾಕ್ಷಪ್ಪನ ಆಸೆ. "ನಾ ಇರೂತನಕ ಪಡಸಾಲಿ ಮುಟ್ಟಬ್ಯಾಡೋ," ಎಂದು ತಾಯಿ ತಡೆದಿದ್ದಳು. ಅವಳ ತಿಂಗಳ ಕಾರ್ಯ ಮುಗಿದ ಮೇಲೆ ಮನೆ ಕಟ್ಟುವ ಗೌಂಡಿ ಇಮಾಮಸಾಬ ಬಂದ.

ಫರ್ಶಿ ಎಬ್ಬಿಸಿದರು. ಎಷ್ಟೋ ವರ್ಷಗಳ ಮೇಲೆ ನನಗೆ ಬೆಳಕು ಕಂಡಿತು.

"ನಡುವಿನ ಕಾಲಂ ಇಲ್ಲೇ ಬರ್ತೈತ್ರಿ. ಐದು ಫೂಟು ಅಗೀಬೇಕು," ಎಂದ ಇಮಾಮಸಾಬ.

"ಅಗಿಯೋದ್ಯಾಕ? ಇಂಥಾ ಬಂಡೆ ಕಣ್ಣ ಮುಂದ ಕುಂತೈತಿ. ನಮ್ಮ ಮುತ್ಯಾ ಬುನಾದಿ ಹಾಕಿಟ್ಟ ಹೋಗ್ಯಾನ," ಎಂದ ವಿರೂಪಾಕ್ಷಪ್ಪ.

ಇಮಾಮಸಾಬ ಹಾರೆಯಿಂದ ಮೂರು ಸಲ ನನ್ನನ್ನು ಕುಟ್ಟಿದ. ಕೆಳಗಿನ ಪೊಳ್ಳು ಅವನಿಗೆ ಕೇಳಿಸಲಿ ಎಂದು ನಾನು ಹಂಬಲಿಸಿದೆ. ಆದರೆ ಕೊರಳಿನ ಮಣ್ಣು ನನ್ನನ್ನು ಕಚ್ಚಿಕೊಂಡಿತ್ತು. ಸದ್ದು ಮಂದವಾಗಿ ಬಂತು.

"ಗಟ್ಟಿ ಐತ್ರಿ ಸಾವ್ಕಾರ. ನಿಮ್ಮಂಗ ಹಠಮಾರಿ ಕಲ್ಲು."

"ಹಂಗಂದ್ರ ಇದರ ಮ್ಯಾಲೇ ಎಬ್ಬಸು."

ಇಮಾಮಸಾಬ ಅರೆಮನಸ್ಸಿನಿಂದ ತಲೆಯಾಡಿಸಿದ. ನನ್ನನ್ನು ಹೊಗಳಿದ್ದು ಅದೇ ಮೊದಲು, ಅಷ್ಟು ಹೆದರಿದ್ದೂ ಅದೇ ಮೊದಲು. ಕಾಲಂ, ಸ್ಲ್ಯಾಬ್, ಎರಡು ಕೋಣೆ, ಮಂಚ, ಕಪಾಟು, ಮದುವೆಯ ಜನ. ಎಲ್ಲ ಭಾರ ನನ್ನ ಬೆನ್ನಿಗೆ, ನನ್ನ ಕೆಳಗೆ ಮಾತ್ರ ಏನೂ ಇಲ್ಲ. ಅವಳಿ ಕೂಸುಗಳ ತೊಟ್ಟಿಲು ಆ ಕಾಲಂ ಪಕ್ಕದಲ್ಲೇ ತೂಗುವುದೆಂದು ಅವರು ಮಾತಾಡಿಕೊಂಡರು. ಈಗಲೇ ಬಿರಿದುಹೋಗಬೇಕೆಂದು ಬಯಸಿದೆ. ಕಲ್ಲು ತನ್ನಿಚ್ಛೆಯಿಂದ ಬಿರಿಯುವುದಿಲ್ಲ.

ಕಸ್ತೂರೆವ್ವ ಬಾಗಿಲಲ್ಲಿ ನಿಂತಿದ್ದಳು. "ನಮ್ಮತ್ತಿ ಇಲ್ಲಿ ಒಳ್ಳು ಸೈತ ಇಡಗೊಟ್ಟಿಲ್ಲ. ನೀವು ಮಹಡೀನ ಇಡಾಕತ್ತೀರಿ."

"ಅವ್ವ ಇದ್ದಾಗ ನೀ ಒಂದ ದಿನಾ ಆಕಿ ಮಾತು ಪೂರಾ ಕೇಳಿಲ್ಲ. ಈಗ ನೆಪ್ಪಾತೇನು?"

ಅವಳು ಸೆರಗು ಸರಿಮಾಡಿಕೊಂಡಳು. "ಆಗ ಕೇಳಿಲ್ಲಂತನ ಈಗ ಕೇಳಾಕತ್ತೇನಿ."

ಅವನು ಕಾಲಂ ಪೂಜೆಗೆ ದಿನ ಗೊತ್ತುಮಾಡಿದ. ಕೆಲಸ ನಿಲ್ಲಿಸಲಿಲ್ಲ.

ಪೂಜೆಯ ಬೆಳಿಗ್ಗೆ ಕಸ್ತೂರೆವ್ವನೇ ನನ್ನನ್ನು ತೊಳೆಯಲು ಬಂದಳು. ಒಂದು ಕೊಡ ಸುರಿದಳು. ನೀರು ನನ್ನ ಅಂಚಿನ ಬಳಿ ಇಳಿದುಹೋಯಿತು. ಎರಡನೆಯದೂ ಇಳಿಯಿತು. ಸುತ್ತಲ ನೆಲ ಒದ್ದೆಯೇ ಆಗಲಿಲ್ಲ.

"ಇಷ್ಟು ನೀರು ಎಲ್ಲಿ ಹೊಂಟೈತ್ರಿ?"

"ಒಣ ಮಣ್ಣು, ಕುಡೀತೈತಿ. ಬೇಗ ಮುಗಸು, ಸ್ವಾಮಿಗಳು ಬರೂ ಹೊತ್ತಾತು."

ಅವಳು ಅವಸರ ಮಾಡಲಿಲ್ಲ. ಇನ್ನೆರಡು ಕೊಡ ಅದೇ ಅಂಚಿಗೆ ಸುರಿದಳು. ನೆನೆದ ಕೊರಳಿನ ಮಣ್ಣು ನನ್ನನ್ನು ಬಿಟ್ಟು ಜಾರಿತು. ಬಹಳ ಕೆಳಗೆ ಧಪ್ಪೆಂದು ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಬಿರುಕಿನಿಂದ ಮುಗ್ಗಿದ ಜೋಳದ ವಾಸನೆ ಮೇಲೆದ್ದಿತು. ಅವಳು ಮಂಡಿಯೂರಿ ಮೂಸಿದಳು.

"ಇದು ಹಗೇವಿನ ವಾಸನಿ. ನಮ್ಮ ತವರಮನ್ಯಾಗ ಇತ್ತು, ನನಗ ಗೊತ್ತೈತಿ."

ಇಮಾಮಸಾಬ ಎರಡು ಹೆಜ್ಜೆ ಹಿಂದೆ ಸರಿದ. ವಿರೂಪಾಕ್ಷಪ್ಪ ಗೋಡೆಗೆ ಒರಗಿದ. "ನಮ್ಮ ಸಂಗಪ್ಪ ಕಾಕಾ ಸತ್ತದ್ದು ಊರ ಹೊರಗಲ್ಲ, ಇಲ್ಲೇ," ಎಂದ.

ನನ್ನನ್ನು ಸರಿಸಿ ದೀಪ ಇಳಿಬಿಟ್ಟರು. ಮೂರು ಸಲವೂ ಆರಿತು. ಮಾರನೆಯ ದಿನ ಉರಿಯಿತು. ಹಗೇವಿನ ತಳದಲ್ಲಿ ಒಂದು ಮುರುಕು ಬುಟ್ಟಿ ಸಿಕ್ಕಿತು. ವಿರೂಪಾಕ್ಷಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಮಣ್ಣು ಒರೆಸಿದ.

"ಅವ್ವ ಒಬ್ಬಾಕಿನ ಇದನ್ನ ಹೊತ್ತು ಕುಂತಿದ್ಲು. ನನಗರ ಹೇಳಬೇಕಿತ್ತು," ಎಂದ.

"ಹೇಳಾಕ ಬಾಯಿ ಬಂದಿರಲಿಕ್ಕಿಲ್ಲ ಬಿಡ್ರಿ," ಎಂದಳು ಕಸ್ತೂರೆವ್ವ. ಮಿಕ್ಕಿದ್ದು ಅವಳಿಗೂ ತಿಳಿಯದು. ತಿಳಿಯದಿರುವುದೇ ಒಳ್ಳೆಯದು.

ಹಗೇವನ್ನು ಕಲ್ಲು ಗರಸು ತುಂಬಿ ಮುಚ್ಚಿದರು. ಕಾಲಂ ಅತ್ತ ಸರಿದು, ಗಟ್ಟಿ ನೆಲ ಸಿಗುವವರೆಗೆ ಅಗೆದ ಗುಂಡಿಯಿಂದ ಎದ್ದಿತು. ಮಹಡಿ ನಿಂತಿತು, ಮದುವೆಯೂ ಆಯಿತು. ಈಗ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಭಾರವೆಂದರೆ ಕೂಸುಗಳ ಒದ್ದೆ ಬಟ್ಟೆ, ಅಷ್ಟೇ. ಆದರೂ ಮೇಲಿನ ಕೋಣೆಯಲ್ಲಿ ಏನಾದರೂ ಬಿದ್ದ ಸದ್ದಾದರೆ ನಾನು ಇಂದಿಗೂ ಆ ಕಾಲಂ ಕಡೆ ಕಿವಿಗೊಡುತ್ತೇನೆ. ಅವಳು ಬಾಯಿ ಬಿಡಲಾರದೆ ಹೋದದ್ದರಿಂದ ಒಂದು ಮನೆಯೇ ಉರುಳುವುದರಲ್ಲಿತ್ತು. ಆದರೂ ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಪಡಸಾಲೆಯಲ್ಲಿ ಐವತ್ತೆರಡು ವರ್ಷ ಅವಳ ಅಂಗಾಲು ನನ್ನನ್ನು ಬಳಸಿಯೇ ನಡೆಯಿತು, ಒಂದು ಸಲವೂ ತುಳಿಯಲಿಲ್ಲ.

ಶಿವನೇ, ಗುರುಸಿದ್ದವ್ವ ಯಾರಿಗೂ ಹೇಳದೆ ಹೊತ್ತದ್ದನ್ನು ನಿನ್ನ ಪಾದದ ಬಳಿ ಇಳಿಸಿಕೋ. ಅಲ್ಲಿ ಸಂಗಪ್ಪ ಎದುರಾದರೆ ಮೊದಲು ಅವನೇ ಮಾತಾಡಿಸಲಿ. ಅವಳಿಗೆ ಆ ಧೈರ್ಯ ಇರಲಾರದು. ಇಬ್ಬರಿಗೂ ನಿನ್ನಲ್ಲಿ ನೆಲೆ ಕೊಡು, ತಂದೆ. ಅವಳ ಜೀವಕ್ಕೆ ಶಾಂತಿ ಕೊಡು.