ನಾಲ್ಕೆಳೆಯ ಜಡೆ

ಬೈತಲೆ ಸೊಟ್ಟಗಿದೆ, ಮುಂದಿನ ಬೆಂಚಿನಲ್ಲಿ ಕೂತ ಹುಡುಗಿಯದು, ನೆತ್ತಿಯಿಂದ ನೆಟ್ಟಗೆ ಹೊರಟು ಕುತ್ತಿಗೆ ಮುಟ್ಟುವಷ್ಟರಲ್ಲಿ ಎಡಕ್ಕೆ ವಾಲಿಬಿಟ್ಟಿದೆ, ಯಾರಮ್ಮ ನಿನಗೆ ತಲೆ ಬಾಚಿದವರು, ಎದ್ದು ಹೋಗಿ ಬಾಚಣಿಗೆಯ ತುದಿಯಿಂದ ಒಂದೇ ಗೆರೆ ಎಳೆದರೆ ಸರಿಹೋಗುತ್ತದೆ, ಆದರೆ ಇದು ಆಸ್ಪತ್ರೆ, ಅವಳ ಬ್ಯೂಟಿ ಪಾರ್ಲರ್ ಅಲ್ಲ, ಇಲ್ಲಿ ಅವಳೂ ಸರದಿಗೆ ಕಾಯುವ ರೋಗಿ, ಅಲ್ಲ, ರೋಗಿಯಾಗಿದ್ದವಳು, ಇವತ್ತಿನದು ಕೊನೆಯ ತಪಾಸಣೆ, ಎದೆ ಚೆನ್ನಾಗಿದೆ ಎಂದುಬಿಟ್ಟರೆ ಈ ಬಾಗಿಲಿಗೂ ಅವಳಿಗೂ ಋಣ ತೀರಿತು — ತೀರುವುದೆಲ್ಲಿ ಬಂತು, ಕಾಯಿಲೆಯಲ್ಲಿ ಜಡೆ ಹಾಕಿದ ಆ ಕೈ ಯಾರದೆಂದೇ ಇನ್ನೂ ಗೊತ್ತಾಗಿಲ್ಲವಲ್ಲ, ಕೈ ಹಿಡಿದು ಒಂದು ಮಾತು ಹೇಳದೆ ಹೇಗೆ ಹೋಗುವುದು. ಜಡೆ ಮುಟ್ಟಿ ನೋಡಿಕೊಳ್ಳುತ್ತಾಳೆ, ಇಲಿಬಾಲ, ಜ್ವರ ಬಿಟ್ಟ ಮೇಲೆ ಬಾಚಿದಾಗಲೆಲ್ಲ ಕೈತುಂಬ ಉದುರಿ ಬಚ್ಚಲ ಜಾಲರಿಯೇ ಕಟ್ಟಿಕೊಂಡಿತ್ತು, ಕತ್ತರಿಸಿಬಿಡಕ್ಕಾ, ಮತ್ತೆ ಒತ್ತಾಗಿ ಬರುತ್ತೆ ಅಂತ ಗಿರಾಕಿಗಳಿಗೆಲ್ಲ ನೀನೇ ಹೇಳ್ತೀಯ ಎಂದು ತಂಗಿ, ನಿನ್ನ ಅಂಗಡಿಗೆ ನೀನೇ ಅಪಪ್ರಚಾರ ಕಣೇ ಎಂದು ಗಂಡ, ಕತ್ತರಿಯೇನು ಕೈಯಲ್ಲೇ ಇದೆ, ಆದರೆ ಈ ಇಲಿಬಾಲವನ್ನು ನಾಲ್ಕು ಎಳೆ ಮಾಡಿ ಹೆಣೆದು, ತುದಿಗೆ ಬ್ಯಾಂಡೇಜು ಬಟ್ಟೆಯ ಚೂರು ಕಟ್ಟಿ, ಎಡ ಭುಜದ ಮೇಲಿಂದ ಮುಂದಕ್ಕೆ ಇಳಿಬಿಟ್ಟು ಬರುವುದು ಅಂದಕ್ಕಲ್ಲ, ಇದು ಅವಳು ತಗುಲಿಹಾಕಿಕೊಂಡ ಬೋರ್ಡು, ಇದನ್ನು ನೋಡಿ ಯಾರು ಗಕ್ಕನೆ ನಿಲ್ಲುತ್ತಾರೋ ಆ ಕೈ ಅವರದೇ, ಪ್ರತಿ ಸಲವೂ ಹೀಗೇ ಬಂದಿದ್ದಾಳೆ, ಯಾರೂ ನಿಂತಿಲ್ಲ.

ಆಗ ಅವಳನ್ನು ಮಲಗಿಸಿದ್ದು ಇಲ್ಲಿಯ ಕ್ಯಾಂಟೀನಿನಲ್ಲಿ, ವಾರ್ಡುಗಳೆಲ್ಲ ತುಂಬಿದ ಮೇಲೆ ಮೇಜು ಕುರ್ಚಿ ಹೊರಗೆ ಹಾಕಿ ಹಾಸಿಗೆ ಜೋಡಿಸಿದ್ದರು, ಟೀ ಕಾಫಿಯ ದರದ ಹಲಗೆ ಗೋಡೆಯ ಮೇಲೆ ಹಾಗೇ ಇತ್ತು, ಸದ್ಯ, ಉಸಿರಿಗೆ ರೇಟು ಬರೆದಿಲ್ಲ ನೋಡು ಎಂದು ಪಕ್ಕದ ಹಾಸಿಗೆಯ ಅಜ್ಜಿ ನಗಿಸುತ್ತಿದ್ದಳು, ನಗಬೇಡಿ, ನಗಿಸಬೇಡಿ, ಬೋರಲು ಮಲಗಿ ಅಂತ ಎಷ್ಟು ಸಲ ಹೇಳ್ಬೇಕು, ಇದು ಸಿಡುಕ ಡಾಕ್ಟರು, ಬಿಳಿ ಸೂಟಿನೊಳಗೆ ಎಲ್ಲರೂ ಒಂದೇ ಥರ, ಗಂಡೋ ಹೆಣ್ಣೋ ತಿಳಿಯದು, ಅವನೊಬ್ಬನ ಗುಡುಗು ಮಾತ್ರ ಬಾಗಿಲಲ್ಲೇ ಗೊತ್ತಾಗುತ್ತಿತ್ತು, ಇವನ ಬಾಯಿ ಬಿದ್ದುಹೋಗ ಎಂದು ಮನಸ್ಸಿನಲ್ಲೇ ಶಪಿಸಿ ಬೋರಲಾಗುವಳು, ಮೂತಿಗೆ ಮಾಸ್ಕು, ಕಿವಿಯ ತುಂಬ ಆಕ್ಸಿಜನ್ನು ಸುಯ್ಯೆನ್ನುವ ಸದ್ದು, ಬೆವರಿಗೆ ಅಂಟಿ ಗಂಟುಗಂಟಾಗಿ ಮುಖಕ್ಕೆ ಬೀಳುವ ಕೂದಲು, ಬೋಳಿಸಿಬಿಡಿ ಎನ್ನುವುದಕ್ಕೂ ತ್ರಾಣವಿಲ್ಲ, ಆಗ ಒಂದು ಬೆಳಿಗ್ಗೆ ಹಿಂದಿನಿಂದ ಆ ಕೈ, ಗ್ಲೌಸು ಹಾಕಿದ ಬೆರಳುಗಳು, ತುದಿಯಿಂದ ಬಿಡಿಸುತ್ತ ನಿಧಾನವಾಗಿ ಮೇಲೆ ಬರುವ ಬೆರಳುಗಳು, ಬುಡ ನೋಯದ ಹಾಗೆ, ಪಳಗಿದ ಕೈ, ಖಂಡಿತ ಹೆಂಗಸಿನದೇ ಎಂದುಕೊಂಡಳು, ಮರುಕ್ಷಣ ನಾಲ್ಕು ಎಳೆ ಮಾಡಿ ಹೆಣೆಯತೊಡಗಿದಾಗ ಅಯ್ಯೋ ಇದೇನು ಹಗ್ಗ ಹೊಸೀತಿದಾಳೆ ಎಂದುಕೊಂಡಳು, ಪ್ರಾಣ ಹೋಗುವ ಹೊತ್ತಿನಲ್ಲೂ ಜಡೆಗೆ ಮಾರ್ಕ್ಸ್ ಹಾಕುವ ಬುದ್ಧಿ, ಹಾಕುತ್ತಲೇ ಅತ್ತಳು, ಊರಿನವರ ತಲೆಯೆಲ್ಲ ಮುಟ್ಟಿದವಳ ತಲೆಯನ್ನು ಅಮ್ಮ ಹೋದ ಮೇಲೆ ಯಾರು ಮುಟ್ಟಿದ್ದರು, ಅದೂ ಮುಟ್ಟಿದರೆ ಸತ್ತೆವು ಎಂದು ಜಗತ್ತೇ ಕೈ ಕಟ್ಟಿ ಕೂತಿದ್ದ ಕಾಲದಲ್ಲಿ. ದಿನಾ ಬೆಳಿಗ್ಗೆ ಬಂತು ಆ ಕೈ, ಬ್ಯಾಂಡೇಜು ಬಟ್ಟೆಯಲ್ಲಿ ಗಂಟು ಹಾಕಿ, ಕೊಳವೆಗೆ ಸಿಗದ ಹಾಗೆ ಜಡೆಯನ್ನು ಎಡ ಭುಜಕ್ಕೆ ಸರಿಸಿ, ಒಂದು ಮಾತೂ ಆಡದೆ ಹೋಗುತ್ತಿತ್ತು, ಅಜ್ಜಿಯ ಹಾಸಿಗೆ ಖಾಲಿಯಾದ ಬೆಳಿಗ್ಗೆಯೂ ಬಂತು, ಅವತ್ತು ಬೆರಳುಗಳು ಹೆಣೆದದ್ದನ್ನೇ ಬಿಚ್ಚಿ ಮತ್ತೆ ಹೆಣೆದವು, ಬದುಕಬೇಕು ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿದ್ದು ಅವತ್ತೇ. ಉಪಕಾರ ಮಾಡಿದ ಉಳಿದವರಿಗೆಲ್ಲ ಹೇಳಿಯಾಯಿತು, ಎದುರು ಮನೆಯಾಕೆ ಮೊದಲು ಕಿಟಕಿ ಮುಚ್ಚಿಕೊಂಡಳು ನಿಜ, ಅದೇ ಪುಣ್ಯಾತ್ಗಿತ್ತಿ ಮೆಟ್ಟಿಲ ಮೇಲೆ ಅನ್ನ ಹಾಲು ಇಟ್ಟು ಕದ ಬಡಿದು ಓಡಿಹೋಗಿ ಮನೆಯವರ ಹೊಟ್ಟೆ ತುಂಬಿಸಿದಳು, ಅವಳಿಗೆ ಜೀವಮಾನವಿಡೀ ಪುಕ್ಕಟೆ ಕಟಿಂಗ್, ಒಳಗೆ ಬಿಡುವುದಿಲ್ಲವೆಂದು ಗೊತ್ತಿದ್ದೂ ಗೇಟಿನಾಚೆ ದಿನಾ ಬಂದು ನಿಂತು ಕಾವಲುಗಾರನ ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು ಕಳಿಸಿದ ಗಂಡನಿಗೆ ಬಾಯಿಬಿಟ್ಟು ಏನು ಹೇಳುವುದು, ಬೈಗುಳ ಕಡಿಮೆ ಮಾಡಿದ್ದಾಳೆ, ಅವರಿಗೆ ಅರ್ಥವಾಗಿದೆ. ಆ ಕೈ ಕ್ಯಾಂಟೀನಿನಲ್ಲಿದ್ದ ಎತ್ತರದ ಸಿಸ್ಟರದೇ ಇರಬೇಕೆಂದು ಒಳ್ಳೆಯ ಶಾಲು ಕೊಂಡು ಹೋದರೆ ಅವಳು ಟೋಪಿ ತೆಗೆದು ಗಿಡ್ಡ ಕೂದಲು ತೋರಿಸಿದಳು, ನಾನಲ್ಲ ಅಕ್ಕಾ, ನಂಗೆ ಜಡೆ ಹಾಕೋಕೇ ಬರಲ್ಲ, ಇನ್ನೊಬ್ಬ ಸಿಸ್ಟರ್ ಇದ್ಲು, ಅವಳಿರಬಹುದೇನೋ, ಅವಳಿಗೂ ಕಾಯಿಲೆ ಅಂಟ್ತು, ಉಳೀಲಿಲ್ಲ — ಶಾಲು ಬೀರುವಿನಲ್ಲೇ ಇದೆ, ಆ ಕೈ ಮಣ್ಣು ಸೇರಿತೇ, ಇಲ್ಲ, ಹಾಗಾಗಿರಬಾರದು, ಗ್ಲೌಸು ಹಾಕಿದ ಬೆರಳುಗಳು, ತುದಿಯಿಂದ ಬಿಡಿಸುತ್ತ ಮೇಲೆ ಬರುವ ಬೆರಳುಗಳು.

ಮುಂದಿನವರು ಬನ್ನಿ, ಕೂಗಿದ್ದು ಅದೇ ಗುಡುಗು, ಪ್ರತಿ ಸಲ ನೋಡುತ್ತಿದ್ದ ನಗುಮುಖದ ಚಿಕ್ಕ ಡಾಕ್ಟರು ಇವತ್ತು ರಜವಂತೆ, ಕೊನೆಯ ದಿನಕ್ಕೆ ಈ ಸಿಡುಕನೇ ಗಂಟುಬಿದ್ದನಲ್ಲ, ಮುಖ ನೋಡುತ್ತಿರುವುದು ಇದೇ ಮೊದಲು, ಕಣ್ಣ ಕೆಳಗೆ ಕಪ್ಪು, ತಲೆ ಬಹುತೇಕ ಬೋಳು, ಇವನಿಗೆ ಕತ್ತರಿ ಹಾಕಿ ಸೇಡು ತೀರಿಸಿಕೊಳ್ಳುವ ಯೋಗವೂ ಅವಳಿಗಿಲ್ಲ, ಏನ್ರೀ ನಗ್ತಿದೀರಾ, ಏನಿಲ್ಲ ಡಾಕ್ಟ್ರೇ, ಆ ಕಡೆ ತಿರುಗಿ ಕೂತ್ಕೊಳ್ಳಿ, ಜೋರಾಗಿ ಉಸಿರು ತಗೊಳ್ಳಿ, ಬೆನ್ನಿಗೆ ಸ್ಟೆತಾಸ್ಕೋಪಿನ ತಣ್ಣನೆಯ ಬಿಲ್ಲೆ, ತಿರುಗುವಾಗ ಜಡೆ ಜಾರಿ ಬೆನ್ನಿಗೆ ಬಿದ್ದಿತ್ತು, ಅವನ ಕೈ ಅದನ್ನು ಸರಿಸಲೆಂದು ಹಿಡಿಯಿತು, ಹಿಡಿದದ್ದು ಬಿಡಲಿಲ್ಲ, ಬಿಲ್ಲೆಯೂ ಕದಲಲಿಲ್ಲ, ನಾಲ್ಕು ಎಳೆ, ಎಂದ, ಗುಡುಗದೆ, ಯಾರು ಹಾಕಿದ್ದು ಇದನ್ನ, ನಾನೇ ಡಾಕ್ಟ್ರೇ, ಯಾರೋ ಹೀಗೆ ಹಾಕ್ತಿದ್ರು, ಕ್ಯಾಂಟೀನಲ್ಲಿದ್ದಾಗ, ಗ್ಲೌಸಲ್ಲಿ ಮೂರು ಎಳೆ ಜಾರುತ್ತೆ ಕಣ್ರೀ, ನಾಲ್ಕಾದ್ರೆ ನಿಲ್ಲುತ್ತೆ, ಅದಕ್ಕೇ, ಮನೇಲಿ ಬೆಳಿಗ್ಗೆ ಮಗಳಿಗೆ ನಾನೇ ಜಡೆ ಹಾಕೋದು, ಆ ತಿಂಗಳೆಲ್ಲ ಮನೆಗೇ ಹೋಗ್ಲಿಲ್ಲ, ಬೆಳಗಾದ್ರೆ ಕೈಗೆ ಏನು ಮಾಡ್ಬೇಕು ಅಂತಾನೇ ತೋಚ್ತಿರಲಿಲ್ಲ, ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು, ತಪ್ಪು ತಿಳ್ಕೋಬೇಡಿ. ದೇವರೇ, ಇವರ ಬಾಯಿ ಬಿದ್ದುಹೋಗಲಿ ಎಂದಿದ್ದೆನಲ್ಲ, ಇವರ, ಇದೇ ಬಾಯಿ ಬೋರಲು ಬೋರಲು ಎಂದು ಅರಚಿ ಉಸಿರು ಉಳಿಸಿದ್ದು, ಇದೇ ಕೈ, ಇದೆ, ಇದೆಯಲ್ಲ, ಬೆಚ್ಚಗೆ ಬದುಕಿದೆಯಲ್ಲ, ಕನ್ನಡಿಯ ಮುಂದೆ ಉರುಹೊಡೆದ ಮಾತೆಲ್ಲ ಎಲ್ಲಿ ಹೋಯಿತು, ನೀವು ಅಂತ ಶುರುವಾಗುತ್ತಿತ್ತು, ತಿರುಗಿ ನೋಡಿದರೆ ಇಬ್ಬರೂ ಅತ್ತುಬಿಡುತ್ತೇವೆ, ಹಿಂದಕ್ಕೆ ಕೈ ಹಾಕಿ ಬ್ಯಾಂಡೇಜು ಬಟ್ಟೆಯ ಗಂಟನ್ನು ಎಳೆದುಬಿಟ್ಟಳು, ಜಡೆ ಬಿಚ್ಚಿಕೊಂಡಿತು, ಬಿಚ್ಚೋಯ್ತು ಡಾಕ್ಟ್ರೇ, ಒಂದ್ಸಲ ಹಾಕಿಕೊಡ್ತೀರಾ, ಹೊರಗೆ ಇನ್ನೂ ಜನ ಕಾಯ್ತಿದಾರೆ ಕಣ್ರೀ ಎಂದರು, ಎನ್ನುತ್ತಲೇ ಬಿಲ್ಲೆ ಮೇಜಿಗಿಟ್ಟ ಸದ್ದು, ಕಾಯಲಿ, ಇನ್ನು ಕೂದಲು ಕತ್ತರಿಸಿದರೂ ಸರಿ, ನಾಳೆ, ಇವತ್ತಲ್ಲ, ಅವಳು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು, ಎಲ್ಲೂ ತಡೆಯದೆ ಕೊನೆಯವರೆಗೂ ಹೋಯಿತು, ಬೆರಳುಗಳು, ತುದಿಯಿಂದ ಬಿಡಿಸುತ್ತ ಮೇಲೆ ಬರುತ್ತಿರುವ ಬೆರಳುಗಳು, ಗ್ಲೌಸಿಲ್ಲದ ಬೆರಳುಗಳು