ಒತ್ತಿ ಕೂತ ಅಕ್ಷರಗಳು

ಇದಕ್ಕೆ ಅಕ್ಷರ ಅನ್ನಬೇಕೋ, ಊದಿಕೊಂಡ ಬೆರಳು ಅನ್ನಬೇಕೋ? ಅಂಗಡಿಯ ನೆಲದ ಮೇಲೆ ಮಲಗಿಸಿದ್ದ ಆರಡಿ ಉದ್ದದ ಹೊಸ ಬೋರ್ಡನ್ನು ನೋಡುತ್ತ ಪೇಂಟರ್ ಯೋಚಿಸುತ್ತಿದ್ದರು. ಒಂದೊಂದೂ ದಪ್ಪ, ಆದರೆ ಅಗಲವಿಲ್ಲ, ತುದಿಗಳೆಲ್ಲ ಗುಂಡಗೆ. ಮೂವರ ಸೀಟಿನಲ್ಲಿ ಐವರು ಉಸಿರು ಬಿಗಿಹಿಡಿದು ಕೂತ ಹಾಗೆ. ಇಂಥದ್ದನ್ನು ನೋಡುವುದಕ್ಕೂ ಸಂಬಳ ಕೊಡಬೇಕು ಎನ್ನಿಸಿತು.

ಇವತ್ತೇ ಇದು ಬಾಗಿಲ ಮೇಲೆ ಏರುವುದಿತ್ತು. ಅಲ್ಲಿದ್ದ ಹಳೆಯ ಬೋರ್ಡು ಅವರೇ ಬ್ರಷ್ಷಿನಿಂದ ಬರೆದದ್ದು. ಊರಿನಲ್ಲಿ ಅವರ ಕೈಬರಹವೆಂದು ಉಳಿದದ್ದು ಅದೊಂದೇ. ಬೋರ್ಡು ಬರೆಯುವ ಈ ಅಂಗಡಿಯನ್ನು ಅಳಿಯನಿಗೆ ವಹಿಸಿದ ಮೇಲೆ ಅವರ ಕೆಲಸವೆಂದರೆ ಯಂತ್ರ ಕತ್ತರಿಸಿದ ಸ್ಟಿಕ್ಕರಿನಿಂದ ಬೇಡದ ಚೂರುಗಳನ್ನು ಸುಲಿಯುವುದು.

“ಹೇಗಿದೆ ಮಾವ?” ಅಳಿಯ ಏಣಿ ಒರಗಿಸುತ್ತ ಕೇಳಿದ.

“ಬಾವು ಬಂದಿದೆ. ಡಾಕ್ಟರಿಗೆ ತೋರಿಸಪ್ಪ.”

ಕಂಪ್ಯೂಟರಿನ ಹಿಂದಿನಿಂದ ಮಗಳು ನಕ್ಕಳು. “ಅಪ್ಪಾ, ಬೆಳಗ್ಗಿಂದ ಬೈತಾನೇ ಇದೀಯ.”

“ಬೈಸಿಕೊಳ್ಳೋಕೂ ಒಂದು ಯೋಗ್ಯತೆ ಬೇಕು ಕಣಮ್ಮ. ಮೂಲೆ ತಿರುಗಿಸೋಕೆ ಬರದೆ ಇರೋನು ಎಲ್ಲಾನೂ ಗುಂಡಗೆ ಮಾಡಿ ಕೈ ತೊಳ್ಕೊಂಡಿದಾನೆ.”

ಅಳಿಯನಿಗೆ ರೇಗಿತು. “ಚೆನ್ನಾಗಿಲ್ಲ ಅನ್ನೋದು ಬಿಡಿ ಮಾವ. ಇದು ತಪ್ಪು ಅಂತ ಬೆರಳಿಟ್ಟು ಒಂದೇ ಒಂದು ತೋರಿಸಿ. ನಿಮ್ಮ ಬೋರ್ಡು ಅಲ್ಲೇ ಇರ್ಲಿ, ನಾನು ಮುಟ್ಟೋದಿಲ್ಲ.”

“ಆಮೇಲೆ ಮಾತು ತಿರುಗಿಸಬಾರದು.”

“ನಿಮ್ಮ ಮಗಳೇ ಸಾಕ್ಷಿ.”

ಪೇಂಟರ್ ಕನ್ನಡಕ ಏರಿಸಿ ಮಂಡಿಯೂರಿದರು. ‘ಬೋರ್ಡುಗಳು, ಬ್ಯಾನರುಗಳು.’ ಸಿಕ್ಕಿತು! ಕೊನೆಯ ಅಕ್ಷರದ ಪಕ್ಕೆಯಲ್ಲಿ ಕಡಲೆಕಾಳಿನಷ್ಟು ಒಂದು ತಗ್ಗು. ಯಂತ್ರ ಕಚ್ಚಿರಬೇಕು ಎಂದುಕೊಂಡು ಮೊದಲ ಪದದ ಕೊನೆಗೆ ಕಣ್ಣು ಹಾಯಿಸಿದರು. ಅಲ್ಲೂ ಅದೇ ಜಾಗದಲ್ಲಿ ಅದೇ ತಗ್ಗು. ತೋರಿಸಲು ಎತ್ತಿದ ಬೆರಳು ಹಾಗೇ ನಿಂತಿತು.

“ಈ ಅಕ್ಷರ ಮಾಡಿದ್ಯಾರು?”

“ಈ ಫಾಂಟಾ? ಯಾರೋ ಕಾಲೇಜಿನೋರು. ಹಳೇ ಬೋರ್ಡುಗಳ ಫೋಟೋ ಇಟ್ಕೊಂಡು ಮಾಡಿದ್ದಂತೆ. ಯಾಕೆ, ಸಿಕ್ತಾ?”

ಪೇಂಟರಿಗೆ ನೆನಪಾಯಿತು. ಎರಡು ಅಂಗಡಿಗಳ ಸಂದಿಯಲ್ಲಿದ್ದ ಸೈಕಲ್ ರಿಪೇರಿಯವನ ತಗಡಿನ ಬೋರ್ಡು ಅದು, ಎಂದೋ ಗುಜರಿಗೆ ಹೋದದ್ದು. ಅಗಲ ಸಾಲದೆ ಪೇಂಟರ್ ಅಕ್ಷರಗಳನ್ನು ಒತ್ತಿ ಕೂರಿಸಿದ್ದರು. ಹೊಸ ಬ್ರಷ್ ತರಲು ಬೇಸರವಾಗಿ ಸವೆದದ್ದರಲ್ಲೇ ಎಳೆದಿದ್ದರಿಂದ ಮೂಲೆಗಳೆಲ್ಲ ಗುಂಡಗಾಗಿದ್ದವು. ‘ಬಾಡಿಗೆ ಸೈಕಲ್ಲುಗಳು’ ಎಂದು ಮುಗಿಸುವಾಗ ಒಂದು ಮೊಳೆಯ ತಲೆ ಅಡ್ಡ ಬಂದಿತ್ತು. ಅದನ್ನು ಸುತ್ತುಹಾಕಿ ಬಣ್ಣ ಎಳೆದಾಗ ಬಿದ್ದದ್ದೇ ಈ ತಗ್ಗು. ಎಂಥ ದಡ್ಡ ಶಿಖಾಮಣಿಗಳು! ಮೊಳೆ ತಪ್ಪಿಸಿದ್ದನ್ನೂ ಕಲೆಯೆಂದುಕೊಂಡು ಹಾಗೇ ಇಳಿಸಿಬಿಟ್ಟಿದ್ದಾರೆ. ಅವರಾದರೂ ಆ ಮೊಳೆ ಕಾಣದ ಕಾಲೇಜಿನವರು. ಸುತ್ತಿಗೆಯಿಂದ ಒಂದು ಏಟು ಹಾಕಲೂ ಸೋಮಾರಿತನ ಮಾಡಿದ ಆ ಬರೆದವನನ್ನು ಏನೆನ್ನಬೇಕು?

“ಅಪ್ಪಾ?” ಮಗಳು ಎದ್ದು ಬಂದಳು.

ಪೇಂಟರ್ ಬೆರಳು ಮಡಚಿಕೊಂಡರು.

“ಏನೂ ಸಿಗಲಿಲ್ಲ. ಹಾಕ್ಕೊಳ್ಳಿ.”

ಗೆದ್ದವನ ಹಾಗೆ ಅಳಿಯ ಏಣಿ ಹತ್ತಿದ. ಅವನು ಸ್ಕ್ರೂ ಬಿಚ್ಚಿ ಕೊಟ್ಟ ಹಳೆಯ ಬೋರ್ಡನ್ನು ಪೇಂಟರ್ ಎರಡೂ ಕೈಯಲ್ಲಿ ಇಳಿಸಿಕೊಂಡು, ಮುಖ ಗೋಡೆಗೆ ಮಾಡಿ ನಿಲ್ಲಿಸಿದರು. ಹೊಸದು ಮೇಲೇರಿತು. “ಎಡಗಡೆ ಒಂದಿಷ್ಟು ಎತ್ತು,” ಎಂದರು. ಆ ಅಕ್ಷರ ತಮ್ಮದೇ ಎಂದು ಅವರು ಮಗಳಿಗೂ ಹೇಳಲಿಲ್ಲ.